ಮೂರು ಲಘು, ಒಂದು ಗುರು: ಬೇಥೋವನನ ಐದನೆಯ ಸಿಂಫನಿಯನ್ನು ಕೇಳುವ ಬಗೆ

ನಮ್ಮ ಪ್ರಸಂಗಗಳಲ್ಲಿ ಪಾಶ್ಚಾತ್ಯ ಸಂಗೀತದ ನಿದರ್ಶನಗಳು ವಿರಳ. ಬಂದರೂ ಬಹುಮಟ್ಟಿಗೆ ಬರುವುದು ಬೇಥೋವನನ ಐದನೆಯ ಸಿಂಫನಿಯ ಮೊದಲ ನಾಲ್ಕು ಸ್ವರಗಳೇ. ಅವುಗಳನ್ನು ಬಾಗಿಲು ತಟ್ಟುವ ವಿಧಿಯೆಂದು ಪರಿಚಯಿಸಿ, ಅಲ್ಲಿಂದ ಪ್ರಕಟನೆ 3:20ರ ಕರ್ತನ ಕಡೆಗೆ ಹೊರಳುವುದು ರೂಢಿ. ಈ ಹೊರಳುವಿಕೆ ಸುಲಭವಾದುದು. ಆದರೆ ಸಂಗೀತಕ್ಕೂ ವೇದವಾಕ್ಯಕ್ಕೂ ಅದು ನ್ಯಾಯ ಸಲ್ಲಿಸುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ವಿಧಿಯ ಮಾತು ನಮಗೆ ಬಂದಿರುವುದು ಬೇಥೋವನನ ಸಹಾಯಕನಾಗಿದ್ದ ಆಂಟನ್ ಶಿಂಡ್ಲರನು 1840ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ. ಬೇಥೋವನನ ಸಂಭಾಷಣಾ ಪುಸ್ತಕಗಳಲ್ಲಿ ಶಿಂಡ್ಲರನು ತಾನೇ ಬರೆದು ಸೇರಿಸಿದ ಸಾಲುಗಳಿವೆಯೆಂದು 1970ರ ದಶಕದಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಶಿಷ್ಯನಾಗಿದ್ದ ಚೆರ್ನಿಯಾದರೋ ಈ ಸ್ವರಗಳ ಮೂಲವು ಒಂದು ಹಕ್ಕಿಯ ಕೂಗು ಎಂದನು. ಕಿವಿ ಮಂದವಾಗುತ್ತಿದ್ದ ಕಾಲದಲ್ಲಿ, 1801ರ ಪತ್ರವೊಂದರಲ್ಲಿ, ಬೇಥೋವನನೇ ವಿಧಿಯನ್ನು ಎದುರಿಸುವ ಮಾತನ್ನಾಡಿರುವುದು ನಿಜ. ಆದರೆ ಆ ಮಾತು ಈ ಕೃತಿಯನ್ನು ಕುರಿತದ್ದಲ್ಲ. 1941ರಲ್ಲಿ ಬಿಬಿಸಿಯು ಇದೇ ಲಯವನ್ನು, ಮೋರ್ಸ್ ಸಂಕೇತದಲ್ಲಿ ವಿಜಯಸೂಚಕ ‘ವಿ’ ಅಕ್ಷರಕ್ಕೆ ಹೊಂದುವುದೆಂದು, ಜರ್ಮನಿಯ ವಿರುದ್ಧವೇ ಬಾರಿಸಿತು. ವಿಧಿ, ಹಕ್ಕಿ, ವಿಜಯ: ಹಣೆಪಟ್ಟಿ ಬದಲಾಗುತ್ತಲೇ ಇದೆ. ಹಾಗಾದರೆ ಹಣೆಪಟ್ಟಿಗಳನ್ನು ಬದಿಗಿಟ್ಟು, ಸ್ವರಗಳು ಮಾಡುವುದೇನೆಂದು ನೋಡೋಣ.

ನಮ್ಮ ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಇದು ಮೂರು ಲಘು, ಒಂದು ಗುರು. ಅದಕ್ಕೂ ಮೊದಲು ಒಂದು ಲಘುವಿನಷ್ಟು ಮೌನವಿದೆ. ತಾಳ ಬಿದ್ದ ಮೇಲೆ ಎತ್ತಿಕೊಳ್ಳುವ ನಮ್ಮ ಕೃತಿಗಳಂತೆ ಇಲ್ಲಿಯೂ ಆರಂಭವು ತಾಳದ ಮೇಲಿಲ್ಲ. ಎರಡು ಸಲ ಗಟ್ಟಿಯಾಗಿ ಕೇಳಿಸಿದ ಬಳಿಕ ಆ ತುಣುಕನ್ನು ಎರಡನೆಯ ಪಿಟೀಲುಗಳು ಮೆಲ್ಲನೆ ಹಿಡಿಯುತ್ತವೆ. ವಯೋಲಗಳು, ಅನಂತರ ಮೊದಲನೆಯ ಪಿಟೀಲುಗಳು ಅದನ್ನು ಮುಂದಕ್ಕೆ ಒಯ್ಯುತ್ತವೆ. ನಾವು ರಾಗವೆಂದು ಕೇಳುವುದನ್ನು ಯಾವ ಒಂದು ವಾದ್ಯವೂ ಪೂರ್ಣವಾಗಿ ನುಡಿಸುತ್ತಿಲ್ಲ. ಶಿಡ್ಲಘಟ್ಟದ ಸಭೆಗಳಲ್ಲಿ ಸೇವೆಮಾಡುವ ವಾಚಕರಿಗೆ ಇದು ಹೊಸತಲ್ಲ. ಅಲ್ಲಿನ ರೀಲರುಗಳು ಬಿಸಿನೀರಿನ ಗೂಡುಗಳಿಂದ ಹಲವು ಎಳೆಗಳನ್ನೆತ್ತಿ ಒಂದೇ ನೂಲಾಗಿ ಕೂಡಿಸುತ್ತಾರೆ. ಒಂದು ಗೂಡು ಮುಗಿದೊಡನೆ ಇನ್ನೊಂದರ ಎಳೆಯನ್ನು ಸೇರಿಸುತ್ತಾರೆ. ಒಂಟಿ ಎಳೆ ನೇಯಲು ಬಾರದು. ಈ ಸ್ವರಗಳೂ ಹಾಗೆಯೇ: ಅವುಗಳ ಅರ್ಥವು ಒಂಟಿ ಬಡಿತದಲ್ಲಿಲ್ಲ, ಮರಳಿ ಮರಳಿ ಬರುವುದರಲ್ಲಿದೆ. 1810ರಲ್ಲೇ ವಿಮರ್ಶಕ ಹಾಫ್‌ಮನ್ನನು ಕೃತಿಯ ಏಕತೆಯನ್ನು ಇಲ್ಲಿಯೇ ಗುರುತಿಸಿದನು.

ಮೂರನೆಯ ಭಾಗದಲ್ಲಿ ಕೊಂಬುಗಳು ಅದೇ ಲಯವನ್ನು ಮೂರರ ನಡೆಯಲ್ಲಿ ಏರುದನಿಯಲ್ಲಿ ಊದುತ್ತವೆ. ಆ ಭಾಗದ ಕೊನೆಗೆ ತಂತಿವಾದ್ಯಗಳು ಉಸಿರು ಬಿಗಿಹಿಡಿದಂತೆ ನಿಂತಾಗ, ನಗಾರಿಯೊಂದೇ ಕ್ಷೀಣವಾಗಿ ಆ ಲಯವನ್ನು ಉಳಿಸಿಕೊಳ್ಳುತ್ತದೆ. ಅಲ್ಲಿಂದ ಸಂಗೀತವು ಎಡೆಬಿಡದೆ ನಾಲ್ಕನೆಯ ಭಾಗದ ಬೆಳಕಿಗೆ ಏರುತ್ತದೆ. ಅಂದಿನ ವಿಯೆನ್ನಾದಲ್ಲಿ ಹೆಚ್ಚಾಗಿ ದೇವಾಲಯದಲ್ಲಿಯೂ ನಾಟಕಶಾಲೆಯಲ್ಲಿಯೂ ಕೇಳಿಬರುತ್ತಿದ್ದ ಟ್ರಾಂಬೋನುಗಳು ಆಗ ಮೊದಲ ಬಾರಿಗೆ ದನಿಗೂಡಿಸುತ್ತವೆ. ಬಹುತೇಕ ನಿರೂಪಣೆಗಳು ಇಲ್ಲಿಗೆ ಮುಗಿಯುತ್ತವೆ: ಕತ್ತಲೆ ಕಳೆಯಿತು, ಜಯವಾಯಿತು. ಆದರೆ ಬೇಥೋವನನು ಇಲ್ಲಿಗೆ ಮುಗಿಸಲಿಲ್ಲ. ಜಯಘೋಷದ ನಡುವೆಯೇ ಅದು ನಿಲ್ಲುತ್ತದೆ. ಮೂರನೆಯ ಭಾಗದ ಆ ಲಯವು ಪಿಸುದನಿಯಲ್ಲಿ ಮರಳಿ ಬರುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆಯೇ ಹರ್ಷವು ಎರಡನೆಯ ಸಲ ಮೇಲೇಳುತ್ತದೆ.

ವಿಧಿಯೆಂಬ ಹಣೆಪಟ್ಟಿ ಮರೆಮಾಡುವುದು ಇದನ್ನೇ. ಸೋತ ಶತ್ರುವಿಗೆ ಜಯೋತ್ಸವದಲ್ಲಿ ಸ್ಥಾನವಿಲ್ಲ, ನೆನಪಿಗಾದರೋ ಇದೆ. ಪುನರುತ್ಥಾನವನ್ನು ಬೋಧಿಸುವ ನಮಗೆ ಈ ಭೇದ ಚಿಕ್ಕದಲ್ಲ. ಯೋಹಾನನ ಸುವಾರ್ತೆಯಲ್ಲಿ ಎದ್ದು ಬಂದ ಕರ್ತನು ಗಾಯಗಳಿಲ್ಲದ ದೇಹವನ್ನು ತೋರಿಸಲಿಲ್ಲ. ಶುಕ್ರವಾರವನ್ನು ಅಳಿಸಿಬಿಡುವ ಈಸ್ಟರ್ ಪ್ರಸಂಗವು, ಮನೆಯಲ್ಲಿ ಶೋಕವಿರುವ ವಿಶ್ವಾಸಿಗೆ ಸುಳ್ಳಾಗಿ ಕೇಳಿಸುತ್ತದೆ. ಇನ್ನು ವಿಧಿಯೆಂಬ ಪದವೂ ನಮಗೆ ನಿರಪಾಯಕರವಲ್ಲ: ಅದೃಷ್ಟದೇವತೆಗಳಿಗೆ ಔತಣವಿಕ್ಕಿದವರನ್ನು ಯೆಶಾಯನು ತನ್ನ 65ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಆ ಪದವನ್ನು ಅಳಿಸಿ ಅದೇ ಜಾಗದಲ್ಲಿ ಕ್ರಿಸ್ತನ ಹೆಸರನ್ನು ಬರೆದರೆ, ಕೇಳುವ ಕೆಲಸ ಅಷ್ಟಕ್ಕೇ ನಿಂತುಹೋಗುತ್ತದೆ.

ಇದು ನಮ್ಮ ನಾಡಿಗೆ ಹೊರತಾದ ಸಂಗೀತವೆಂಬ ಆಕ್ಷೇಪ ಬರಬಹುದು. ಮೈಸೂರಿನ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಅವರೇ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. ಒಂದನ್ನು ಆಲಿಸಲು ಇನ್ನೊಂದನ್ನು ತೊರೆಯಬೇಕೆಂದು ಅವರಿಗೆ ತೋರಲಿಲ್ಲ.

ಪುನರಾವೃತ್ತಿಯನ್ನು ಆಲಿಸುವ ಅಭ್ಯಾಸ ಆರಾಧನೆಗೂ ಬೇಕಾದುದು. 136ನೆಯ ಕೀರ್ತನೆಯಲ್ಲಿ ಒಂದೇ ಪಲ್ಲವಿ 26 ಸಲ ಬರುತ್ತದೆ. ಸೃಷ್ಟಿಯನ್ನು ಹೇಳಿದ ಮೇಲೆ ಬರುವ ಪಲ್ಲವಿಯೂ, ಅರಸರು ಹತರಾದುದನ್ನು ಹೇಳಿದ ಮೇಲೆ ಬರುವ ಪಲ್ಲವಿಯೂ, ಸಕಲ ಜೀವಿಗಳಿಗೆ ಆಹಾರ ಸಿಗುವುದನ್ನು ಹೇಳಿದ ಮೇಲೆ ಬರುವ ಪಲ್ಲವಿಯೂ ಪದಗಳಲ್ಲಿ ಒಂದೇ, ಭಾರದಲ್ಲಿ ಬೇರೆ. ಅದನ್ನು ಅವಸರದಿಂದ ಓದಿ ಮುಗಿಸುವ ಬೋಧಕರು ಒಮ್ಮೆ ಈ ಸಿಂಫನಿಯನ್ನು ಕೊನೆಯ ತನಕ ಕೇಳಲಿ. ಮುಂದಿನ ಭಾನುವಾರ ಆ ಕೀರ್ತನೆಯನ್ನು ನಿಧಾನವಾಗಿ ಓದಲಿ.