ಭಂಗಿ ಗಿಡದ ನೆಂಟರು
ನಾರಿಗೆ ಹೆಸರಾದ ಭಂಗಿ ಗಿಡದ ಕುಟುಂಬ ಕ್ಯಾನಬೇಸಿ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ ಬಳ್ಳಿ ಅದರ ಹತ್ತಿರದ ನೆಂಟ.

ವಯನಾಡಿನಲ್ಲಿ ಈ ಕುಟುಂಬದ ಚುರುಕಿನ ಮರವೆಂದರೆ ಟ್ರೀಮಾ ಓರಿಯಂಟೇಲ್. ಕಾಡು ಕಡಿದ, ಮಣ್ಣು ಕುಸಿದ ಜಾಗದಲ್ಲಿ ಮೊದಲು ಚಿಗುರುವ ಮರಗಳಲ್ಲಿ ಇದೂ ಒಂದು. ಅದರ ನೆರಳಲ್ಲಿ ನಿಧಾನವಾಗಿ ಬೆಳೆಯುವ ಸಸಿಗಳು ತಲೆಯೆತ್ತುತ್ತವೆ. ಎಲೆಯ ಮೇಲ್ಮೈ ಉಪ್ಪುಕಾಗದದಂತೆ ಒರಟು, ಅಡಿಯಲ್ಲಿ ಬೆಳ್ಳಿಬಣ್ಣದ ನಯವಾದ ರೋಮ, ಬುಡದಿಂದ ಹೊರಡುವ ಮೂರು ನರ. ಪುಟ್ಟ ಕಪ್ಪು ಹಣ್ಣನ್ನು ತಿಂದ ಹಕ್ಕಿಗಳೇ ಬೀಜ ಬಿತ್ತುತ್ತವೆ. ತೊಗಟೆಯ ನಾರು ಹಗ್ಗವಾಗುತ್ತದೆ. ಹಗುರ ಕಟ್ಟಿಗೆಯ ಇದ್ದಿಲು ಸಿಡಿಮದ್ದಿಗೆ ಒದಗಿದೆ.

ಇದೇ ಕುಟುಂಬದ ಪ್ಯಾರಾಸ್ಪೋನಿಯಾ ಇನ್ನೂ ಸೋಜಿಗ: ದ್ವಿದಳ ಧಾನ್ಯಗಳ ಬಳಗಕ್ಕೆ ಸೇರದಿದ್ದರೂ ಬೇರುಗಂಟಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಸಾಕಿ ಗಾಳಿಯ ಸಾರಜನಕ ಪಡೆಯುತ್ತದೆ.