ಲೋಕೋಪಕಾರವೂ ಇಡ್ಡಲಿಗೆಯೂ

ಎರಡನೆಯ ಚಾವುಂಡರಾಯನ 'ಲೋಕೋಪಕಾರ'ಕ್ಕೆ ಒಂದು ವಿಚಿತ್ರವಾದ ಗತಿ ಒದಗಿದೆ. 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಹುಟ್ಟಿದ ಈ ಗ್ರಂಥವನ್ನು ಇಂದು ಯಾರಾದರೂ ನೆನೆದರೆ ಅದು ಇಡ್ಡಲಿಗೆಯ ಪ್ರಾಚೀನತೆಗೆ ಸಾಕ್ಷಿ ಹೇಳಿಸುವುದಕ್ಕೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವ ಕ್ರಮ ಅದರಲ್ಲಿರುವುದು ನಿಜ. ಸಾಕ್ಷಿ ಸಿಕ್ಕೊಡನೆ ಪುಸ್ತಕ ಮುಚ್ಚಿಹೋಗುತ್ತದೆ. ಸಾಹಿತ್ಯ ಚರಿತ್ರೆಕಾರರೋ 'ಶಾಸ್ತ್ರಗ್ರಂಥ'ವೆಂದು ಎರಡು ಸಾಲು ಬರೆದು ಮುಂದೆ ನಡೆಯುತ್ತಾರೆ. ತರಗತಿಯಲ್ಲಿ ಹಲವು ವರ್ಷ ನಾನೂ ಹಾಗೆಯೇ ಮಾಡಿದೆನೆಂದು ಒಪ್ಪಿಕೊಳ್ಳಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಪದ್ಯಗಳಲ್ಲ, ಜೋಡಣೆ. ಮೊದಲು ಪಂಚಾಂಗ, ಮುಂದೆ ನೆಲದೊಳಗಿನ ನೀರನ್ನು ಹುಡುಕುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ. ತಿಥಿ, ಬಾವಿ, ತೋಟ, ಅಡುಗೆಮನೆ ಎಲ್ಲವೂ ಒಂದೇ ಗ್ರಂಥದೊಳಗೆ. ಇದನ್ನು ಕಲಸುಮೇಲೋಗರವೆನ್ನುವವರು ಮಲೆನಾಡಿನ ಮನೆಯೊಂದರಲ್ಲಿ ವರ್ಷವೊಂದನ್ನು ಕಳೆಯಬೇಕು. ನಮ್ಮ ತಾಯಿ ಹಳಗನ್ನಡ ಓದಿದವರಲ್ಲ. ಫಾಲ್ಗುಣ ಕಳೆಯುತ್ತಿದ್ದಂತೆ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿ, ಅದು ಚಿರುಟುವುದನ್ನು ಕಾಯುತ್ತಿದ್ದರು. ಬಲಿತ ಹಲಸಿನ ಹಪ್ಪಳ ಮಳೆ ಹಿಡಿಯುವ ಮುನ್ನ ಒಣಗಿ ಡಬ್ಬಿ ಸೇರಲೇಬೇಕು. ಆಷಾಢದ ಕಳಲೆಯನ್ನು ನೀರು ಬದಲಿಸುತ್ತ ನೆನೆಸಿಡದೆ ಒಲೆಗೆ ಏರಿಸುವಂತಿಲ್ಲ. ಸಂಕಷ್ಟಿಯ ರಾತ್ರಿ ಮೋಡ ಕವಿದಿದ್ದರೆ, ಚಂದ್ರೋದಯದ ಗಳಿಗೆಯನ್ನು ಪಂಚಾಂಗದಲ್ಲಿ ನೋಡಿ ಹೇಳುವುದು ನನ್ನ ಪಾಲಿನ ಕೆಲಸ. ಅದುವರೆಗೆ ಅವರಿಗೆ ಊಟವಿಲ್ಲ. ಆಶ್ವೀಜದ ಭೂಮಿಹುಣ್ಣಿಮೆ ಬಂತೆಂದರೆ ನಮ್ಮ ಕಡೆಯ ದೀವರ ಮನೆಗಳಲ್ಲಿ ಚಿತ್ತಾರದ ಬುಟ್ಟಿ ಸಿದ್ಧವಾಗುತ್ತದೆ. ತೆನೆ ಹೊತ್ತ ಗದ್ದೆ ಬಸುರಿ. ಬೆಳಕು ಹರಿಯುವ ಮುನ್ನ ಅವಳಿಗೆ ಬಯಕೆಯ ಊಟ, ಬಗೆಬಗೆಯ ಸೊಪ್ಪು ಬೇಯಿಸಿದ ಚರಗ. ಹುಣ್ಣಿಮೆ, ಪೈರು, ಅಡುಗೆ ಅಲ್ಲಿ ಮೂರು ಬೇರೆ ಅಧ್ಯಾಯಗಳಲ್ಲ.

1508ರ ಸುಮಾರಿನ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ವಾರ್ಧಕ ಷಟ್ಪದಿಯಲ್ಲಿ ಪಾಕ ಹೇಳುವ ಆ ಕೃತಿಯೇ ಓದಲು ಹೆಚ್ಚು ಸೊಗಸು. ಆದರೆ ಅದರ ವಿಂಗಡಣೆ ಪದಾರ್ಥದ್ದು. ಬದನೆಗೊಂದು ಭಾಗ, ಬಾಳೆ-ಹಲಸುಗಳಿಗೊಂದು. ಮಳೆಗಾಲದ ಕಳಲೆಯೂ ಚಳಿಗಾಲದ ನೆಲ್ಲಿಯೂ ಒಟ್ಟಿಗೆ! ಮಂಗರಸ ಅರಸು ಮನೆತನದವನು. ಉಗ್ರಾಣ ತುಂಬಿದವನಿಗೆ ತಿಂಗಳ ಹಂಗೇಕೆ?

ಚಾವುಂಡರಾಯನನ್ನು ಒಕ್ಕಲಮನೆಯ ಕವಿಯನ್ನಾಗಿಸುವುದು ನನ್ನ ಉದ್ದೇಶವಲ್ಲ. ಅವನೂ ಆಸ್ಥಾನದವನೇ, ಮಿಡಿಗೆ ಉಪ್ಪು ಬೆರೆಸುವ ಕೈಯ ಪರಿಚಯ ಅವನಿಗೆ ಎಷ್ಟಿತ್ತೋ. ಅವನ ಶಕುನ, ಪಂಚಾಂಗಫಲಗಳನ್ನು ನಾನು ನಂಬುವವನೂ ಅಲ್ಲ. ಆದರೂ ಬದುಕನ್ನು ಅವನು ತುಂಡು ಮಾಡಲಿಲ್ಲ. ತುಂಡು ಮಾಡಿದವರು ನಾವು. ಗ್ರಂಥ 1950ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. 2006ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದದ್ದು ಕೃಷಿಯ ಇತಿಹಾಸವನ್ನು ಅಭ್ಯಸಿಸುವ ಸಂಸ್ಥೆ, ಸಾಹಿತ್ಯದವರಲ್ಲ. ಈ ಸಲ ಎಂ.ಎ. ತರಗತಿಗೆ ನಾನು ವೃಕ್ಷಾಯುರ್ವೇದದ ಭಾಗವನ್ನೇ ಆರಿಸಿಕೊಂಡೆ. ಪರೀಕ್ಷೆಗೆ ಬರುತ್ತದೆಯೇ ಎಂದು ಹುಡುಗರು ಕೇಳಿದರು. ಇಲ್ಲವೆಂದೆ. ಇಬ್ಬರು ಎದ್ದುಹೋದರು, ಉಳಿದವರೊಡನೆ ಪಾಠ ನಡೆದಿದೆ.