ಅರವತ್ತರ ಕಾಲಿಗೆ ಇಪ್ಪತ್ತೈದರ ಗೇರು

ಟೂರ್ ಡಿ ಫ್ರಾನ್ಸ್ ರೇಸನ್ನು ಹುಟ್ಟುಹಾಕಿದ ಆನ್ರಿ ದೆಗ್ರಾಂಜ್‌ಗೆ ಗೇರು ಕಂಡರಾಗುತ್ತಿರಲಿಲ್ಲ. ಗೇರು ಬದಲಿಸುವ ಸೈಕಲ್ಲೇನಿದ್ದರೂ 45 ದಾಟಿದವರಿಗೆ, ಮಿಕ್ಕವರು ತೋಳು-ತೊಡೆಯ ಬಲದಿಂದಲೇ ಗೆಲ್ಲಬೇಕು ಎಂಬರ್ಥದಲ್ಲಿ ಅವನು 1902ರಲ್ಲಿ ಬರೆದ. ಅವನ ರೇಸಿನೊಳಗೆ ಗೇರು ಬದಲಿಸುವ ಸಾಧನವಾದ ಡೀರೇಲರ್‌ಗೆ ಪ್ರವೇಶ ಸಿಕ್ಕಿದ್ದು 1937ರಲ್ಲಿ. ಅದೇ ದೇಶದ ಪೌಲ್ ದ ವಿವಿ, ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವನು, ಬೆಟ್ಟ ಹತ್ತುವವನಿಗೆ ಹಲವು ಗೇರು ಬೇಕೇ ಬೇಕೆಂದು 1930ರಲ್ಲಿ ಸಾಯುವವರೆಗೂ ವಾದಿಸಿದ. ವಾದದಲ್ಲಿ ಗೆದ್ದವನು ವೆಲೋಸಿಯೊ. ಆದರೆ 45 ದಾಟಿದವರು ಇವತ್ತು ರೋಡ್ ಬೈಕ್ ಕೊಳ್ಳಲು ಹೋದಾಗ ತಲೆಯಲ್ಲಿ ಕೂತಿರುವವನು ಮಾತ್ರ ದೆಗ್ರಾಂಜ್.

ರೂಢಿ ಹೀಗಿದೆ: ಮುಂದೆ 52/36 ಹಲ್ಲಿನ ಚೈನ್‌ರಿಂಗ್, ಹಿಂದೆ 11ರಿಂದ 30 ಹಲ್ಲಿನವರೆಗಿನ ಚಕ್ರಗಳ ಗೊಂಚಲು, ಅಂದರೆ 11-30ರ ಕ್ಯಾಸೆಟ್. ಇನ್ನೂ ಕೆಳಗಿನ ಗೇರು ಕೇಳಿದರೆ ಕೇಳಿದವರಿಗೇ ನಾಚಿಕೆ. ಇದು ರೇಸಿಗರ ಅಗತ್ಯದಿಂದ ಬಂದ ಅಳತೆ. ಅವರಿಗೆ ಗಂಟೆಗೆ 60 ಕಿ.ಮೀ. ವೇಗದಲ್ಲೂ ತುಳಿಯಲು ಗೇರು ಉಳಿದಿರಬೇಕು. ಬೆಳಗಿನ ಜಾವ ನಂದಿಬೆಟ್ಟ ಹತ್ತಿ ಇಳಿದು ಇಡ್ಲಿ ತಿಂದು ಮನೆಗೆ ಹೋಗುವ ನಿವೃತ್ತರಿಗೆ ಆ ಅಳತೆ ಯಾಕೆ?

ಲೆಕ್ಕ ಹಾಕಿಯೇ ನೋಡೋಣ. ಆಳು 70 ಕೆ.ಜಿ., ಸೈಕಲ್ಲು ಮತ್ತು ಸಾಮಾನು 10 ಕೆ.ಜಿ. ನೂರು ಮೀಟರ್ ಸಾಗಿದರೆ ಆರು ಮೀಟರ್ ಮೇಲೇರುವ ರಸ್ತೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 115 ವ್ಯಾಟ್ ಶಕ್ತಿ ಬೇಕು. ಹಳೆಯ ರೇಸಿಂಗ್ ಸೈಕಲ್ಲಿನ 39ರ ರಿಂಗು, 25ರ ಹಲ್ಲುಚಕ್ರದಲ್ಲಿ ಈ ವೇಗಕ್ಕೆ ನಿಮಿಷಕ್ಕೆ 41 ಸುತ್ತು ತುಳಿದರೆ ಸಾಕು. 36-30ರಲ್ಲಿ 53 ಸುತ್ತು, 34-34ರಲ್ಲಿ 63, 30-34ರಲ್ಲಿ 72. ಎಲ್ಲದರಲ್ಲೂ ವೇಗ ಅಷ್ಟೇ, ಶಕ್ತಿಯೂ ಅಷ್ಟೇ. ಬದಲಾಗುವುದು ಒಂದೊಂದು ತುಳಿತಕ್ಕೆ ಹಾಕಬೇಕಾದ ಒತ್ತು. 72 ಸುತ್ತಿನವರು ಒತ್ತುವುದಕ್ಕಿಂತ 41 ಸುತ್ತಿನವರು ಪ್ರತಿ ಸಲವೂ ಮುಕ್ಕಾಲು ಪಾಲು ಹೆಚ್ಚು ಒತ್ತಬೇಕು, ಮತ್ತು ಅದನ್ನು ತಡೆದುಕೊಳ್ಳಬೇಕಾದ್ದು ಮಂಡಿ.

ವಯಸ್ಸು ಕಸಿಯುವುದೂ ಈ ಒತ್ತುವ ಬಲವನ್ನೇ. ಥಟ್ಟನೆ ಬಲ ಹಾಕುವ ಸ್ನಾಯುತಂತುಗಳು ಹೆಚ್ಚು ಸೊರಗುತ್ತವೆ, ಬಹಳ ಹೊತ್ತು ದುಡಿಯುವ ತಂತುಗಳು ಅಷ್ಟು ಬೇಗ ಕೈಕೊಡುವುದಿಲ್ಲ. ಬಿಡದೆ ಸೈಕಲ್ ತುಳಿಯುವವರಲ್ಲಿ ದಮ್ಮಿನ ಇಳಿತವೂ ಸೋಮಾರಿಗಳಿಗಿಂತ ನಿಧಾನ. ಹಾಗಾಗಿ ಹಿರಿಯರ ಗೇರು, ಇರುವ ದಮ್ಮನ್ನು ಬಳಸಿ ಇಲ್ಲದ ಬಲದ ಕೊರತೆ ತುಂಬುವಂತಿರಬೇಕು. ಇದು ಸೋಲೊಪ್ಪಿಕೊಳ್ಳುವ ಮಾತಲ್ಲ, ಯಂತ್ರವನ್ನು ಸರಿಯಾಗಿ ಬಳಸುವ ಮಾತು.

ಹಾಗಾದರೆ ಪೇಟೆಯಲ್ಲಿ ಏನಿದೆ? ಸುಲಭದ ದಾರಿ 50/34ರ ಕಾಂಪ್ಯಾಕ್ಟ್ ಕ್ರ್ಯಾಂಕು, 11-34ರ ಕ್ಯಾಸೆಟ್. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಬಯಲುಸೀಮೆಯ ಬಹುಪಾಲು ಏರುಗಳಿಗೆ ಧಾರಾಳವಾಯಿತು. ಆದರೆ ಶಿಮಾನೊ 12 ಸ್ಪೀಡಿನ 11-34 ಕ್ಯಾಸೆಟ್ಟಿನ ಹಲ್ಲು ಎಣಿಸಿದರೆ ಅದು ಯಾರಿಗಾಗಿ ಮಾಡಿದ್ದೆಂದು ತಿಳಿಯುತ್ತದೆ: 11, 12, 13, 14, 15, ಆಮೇಲೆ 17, 19, 21. ಒಂದೊಂದೇ ಹಲ್ಲಿನ ನಯವಾದ ಏರಿಕೆ ಇರುವುದು 40 ಕಿ.ಮೀ. ಆಸುಪಾಸಿನಲ್ಲಿ ಓಡುವವರಿಗೆ. ಗಂಟೆಗೆ 25ರಿಂದ 30 ಕಿ.ಮೀ. ಓಡುವವರಿಗೆ ಬೇಕಾದ 16, 18 ಅದರಲ್ಲಿಲ್ಲ. ಹಿರಿಯರ ಹಳೆಯ ಕ್ಯಾಸೆಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ನೋಡಿ. 19, 21ರ ಹಲ್ಲು ಸವೆದು ಚೂಪಾಗಿರುತ್ತವೆ, 11 ಮತ್ತು 12 ಅಂಗಡಿಯಿಂದ ಬಂದಹಾಗೇ ಮಿರುಗುತ್ತಿರುತ್ತವೆ.

50/39/30ರ ಟ್ರಿಪಲ್ ಕ್ರ್ಯಾಂಕು ಇದಕ್ಕೆ ಒಳ್ಳೆಯ ಉತ್ತರವಾಗಿತ್ತು. ಪೆಡಲುಗಳ ನಡುವಿನ ಅಂತರ ಹೆಚ್ಚು, ಮುಂದಿನ ಡೀರೇಲರ್ ಹೊಂದಿಸುವುದು ತಲೆನೋವು ಎಂಬ ದೂರುಗಳು ನಿಜ. ಆದರೂ ಮೇಲ್ದರ್ಜೆಯ ರೋಡ್ ಸೆಟ್‌ಗಳಿಂದ ಅದು ಮಾಯವಾದದ್ದರಲ್ಲಿ ಫ್ಯಾಷನ್ನಿನ ಪಾಲೂ ಇದೆ. ಮುಂದೆ ಒಂದೇ ರಿಂಗಿರುವ ಸೈಕಲ್ಲು ಸರಳ, ಆದರೆ ಗೇರಿನಿಂದ ಗೇರಿಗೆ ಕಾಲಿನ ಲಯ ತಪ್ಪುವಷ್ಟು ಅಂತರ. ಗುಂಪಿನಲ್ಲಿ ಸಮವೇಗದಲ್ಲಿ ಸಾಗುವವರಿಗೆ ಅದು ಕಿರಿಕಿರಿ.

ನನ್ನ ಮತ 46/30ಕ್ಕೆ. ಶಿಮಾನೊ 2019ರಲ್ಲಿ ಗ್ರಾವೆಲ್ ಸೈಕಲ್ಲುಗಳಿಗೆಂದು ತಂದ ಜಿಆರ್‌ಎಕ್ಸ್ ಸರಣಿಯಲ್ಲಿ ಈ ಕ್ರ್ಯಾಂಕು ಇದೆ. ಇದರ ಗುಣ ಏರಿನಲ್ಲಷ್ಟೇ ಕಾಣುವುದಲ್ಲ. 50ರ ರಿಂಗಿನಲ್ಲಿ 25 ಕಿ.ಮೀ. ವೇಗಕ್ಕೆ ಚೈನು ಒಳಬದಿಯ 21ಕ್ಕೆ ಓರೆಯಾಗಿ ಎಳೆಯುತ್ತದೆ, 46ರಲ್ಲಿ ಹೆಚ್ಚುಕಡಿಮೆ ಅದೇ ಲಯ 19ರಲ್ಲೇ ಸಿಗುತ್ತದೆ, ಚೈನೂ ಅಷ್ಟು ನೆಟ್ಟಗಿರುತ್ತದೆ. ದೊಡ್ಡ ರಿಂಗು ದಿನವಿಡೀ ಬಳಸುವ ರಿಂಗಾಗುತ್ತದೆ. ವೇಗ ಹೋಯಿತಲ್ಲ ಎನ್ನುವವರಿಗೆ: 46-11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 47 ಕಿ.ಮೀ. ಅದಕ್ಕಿಂತ ಜೋರು ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿ ಬ್ರೇಕಿನ ಮೇಲೆ ಬೆರಳಿಡುವುದೇ ಲೇಸು. ಕೊರತೆಯೂ ಇದೆ. ಈ ಕ್ರ್ಯಾಂಕಿನ ರಿಂಗುಗಳು 2.5 ಮಿ.ಮೀ. ಹೊರಗೆ ಕೂರುವುದರಿಂದ ಅದಕ್ಕೆ ತಕ್ಕ ಮುಂದಿನ ಡೀರೇಲರನ್ನೂ ಕೊಳ್ಳಬೇಕು. ರೋಡ್ ಸೆಟ್ಟಿನಲ್ಲೇ ಇಂಥ ಜೋಡಿ ಕೊಡದಿರುವುದು ಕಂಪನಿಯ ಲೋಪ.

ಕೈಯಲ್ಲಿ ಸೈಕಲ್ ಇರುವವರು ಮೊದಲು ಖರ್ಚು ಮಾಡಬೇಕಾದ್ದು ಕ್ಯಾಸೆಟ್ಟಿಗೆ ಮತ್ತು ಅದಕ್ಕೆ ತಕ್ಕ ಉದ್ದದ ಚೈನಿಗೆ. ಹಿಂದಿನ ಡೀರೇಲರ್ ಗಿಡ್ಡ ತೋಳಿನದಾದರೆ 34ರ ಚಕ್ರವನ್ನು ಹಿಡಿಯಲಾರದು, ಅದನ್ನು ಮೊದಲೇ ವಿಚಾರಿಸಿ. ಆಮೇಲೂ ನಿಮ್ಮೂರಿನ ಅತಿ ಕಡಿದಾದ ಏರಿನಲ್ಲಿ, ಅದೂ ಸವಾರಿಯ ಕೊನೆಗೆ ದಣಿದಾಗ, ನಿಮಿಷಕ್ಕೆ 60 ಸುತ್ತು ತುಳಿಯಲಾಗದಿದ್ದರೆ ಕ್ರ್ಯಾಂಕು ಬದಲಿಸುವ ಮಾತು. ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಯಾದ ಬ್ರೆವೆಯಲ್ಲಿ 200 ಕಿ.ಮೀ. ಮುಗಿಸಲು ಸಿಗುವುದು 13 ಗಂಟೆ 30 ನಿಮಿಷ. ಅಷ್ಟರೊಳಗೆ ಬಂದವರನ್ನು ಯಾವ ಗೇರಿನಲ್ಲಿ ಬಂದಿರಿ ಎಂದು ಯಾರೂ ಕೇಳುವುದಿಲ್ಲ.